ಎರಡನೆಯ ಮೊಂಬುಕಾ

ಮೊಂಬುಕಾನ ಜೀವನಚರಿತ್ರೆಯನ್ನು ನಾನು ಹಿಂದೊಮ್ಮೆ ಬರೆದಿದ್ದೆ. ಒಂದೇ ಹಾಳೆ, ಸರ್ಕಸ್ಸಿನ ಬಾಗಿಲಲ್ಲಿ ಹಂಚುವುದಕ್ಕೆ. ಅದರಲ್ಲಿದ್ದ ಒಂದೊಂದು ಸಂಗತಿಯೂ ಯಾರದೋ ಬದುಕಿನಲ್ಲಿ ನಡೆದದ್ದೇ, ಆದರೆ ಹಾಳೆ ಪೂರ್ತಿ ಸುಳ್ಳು. ಅದನ್ನು ತಿದ್ದುವವರು ನನ್ನನ್ನು ಬಿಟ್ಟರೆ ಈಗ ಯಾರೂ ಉಳಿದಿಲ್ಲ.

ಬೆಲಾರ್ಮೀನೊ ಲೆಮೆ ಹುಟ್ಟಿದ್ದು ೧೯೩೧ರಲ್ಲಿ, ಪೋಸೊ ಕ್ಲಾರೊ ಊರಾಚೆ ಇಟ್ಟಿಗೆ ಗೂಡಿನ ಪಕ್ಕದ ಮನೆಯಲ್ಲಿ. ಅಪ್ಪ ತೆಯೊದೊರೊ ಗೂಡಿಗೆ ಬೆಂಕಿ ಕೊಡುವವನು. ತಾಯಿ ಜೆನೆರೋಜಾ ಊರಿನ ಅರ್ಧ ಮನೆಗಳ ಬಟ್ಟೆ ಒಗೆಯುತ್ತಿದ್ದಳು, ಉಳಿದರ್ಧವನ್ನು ಮಾತಿನಲ್ಲಿ ಒಗೆಯುತ್ತಿದ್ದಳು. ನಾನು ಈ ಊರಿನ ಹೈಸ್ಕೂಲಿಗೆ ಪೋರ್ಚುಗೀಸ್ ಕಲಿಸಲು ಬರುವ ಹೊತ್ತಿಗೆ ಬೆಲಾರ್ಮೀನೊ ಶಾಲೆ ಬಿಟ್ಟು ಹನ್ನೆರಡು ವರ್ಷವಾಗಿತ್ತು. ಒಂದು ಭಾನುವಾರ ಅವನು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಹಾಡು ಬರೆದ ನೋಟುಬುಕ್ಕನ್ನು ಹಿಡಿದುಕೊಂಡು ನಮ್ಮ ಮನೆಯ ಮೆಟ್ಟಿಲ ಬಳಿ ನಿಂತ. ಕಾಗುಣಿತ ತಿದ್ದಿ ಟೀಚರಮ್ಮ, ಮಾತು ಮುಟ್ಟಬೇಡಿ ಎಂದ. ನಾನು ಮಾತನ್ನೂ ಮುಟ್ಟಿದೆ. ಮುಂದಿನ ಭಾನುವಾರ ಬಂದಾಗ ನಾನು ಮುಟ್ಟಿದ ಮಾತುಗಳೆಲ್ಲ ಮತ್ತೆ ಮೊದಲಿನಂತೆಯೇ ಇದ್ದವು, ಕಾಗುಣಿತ ಮಾತ್ರ ಸರಿಯಾಗಿತ್ತು.

ಅವನದು ಎರಡನೆಯ ಧ್ವನಿ. ನಮ್ಮ ಕಡೆಯ ಹಾಡನ್ನು ಇಬ್ಬರು ಗಂಡಸರು ಮೊದಲಿನಿಂದ ಕೊನೆಯವರೆಗೆ ಜೊತೆಯಲ್ಲೇ ಹಾಡುತ್ತಾರೆ, ಒಬ್ಬ ಮೇಲೆ, ಇನ್ನೊಬ್ಬ ಅವನಿಗಿಂತ ಎರಡು ಸ್ವರ ಕೆಳಗೆ. ಜನರ ಕಿವಿ ಮೇಲಿನವನನ್ನು ಹಿಡಿದುಕೊಳ್ಳುತ್ತದೆ. ಕೆಳಗಿನವನು ಮನೆಯ ತೊಲೆ ಇದ್ದ ಹಾಗೆ, ಇರುವಷ್ಟು ಕಾಲ ಯಾರೂ ತಲೆಯೆತ್ತಿ ನೋಡುವುದಿಲ್ಲ.

೧೯೫೪ರಲ್ಲಿ ಗೂಡು ಬಿಚ್ಚುವಾಗ ಗೋಡೆ ಕುಸಿದು ತೆಯೊದೊರೊ ಸತ್ತ. ಬೆಲಾರ್ಮೀನೊ ಆ ಮೇಲೆ ಒಂದು ಹಾಡು ಕಟ್ಟಿದ, ‘ಗೂಡಿನ ಹೊಗೆ’ ಎಂದು. ಹಾಡಿಗೆ ಮೊದಲು ಅದನ್ನು ಕಟ್ಟಿದವನು ಟೋಪಿ ತೆಗೆದು, ಹಾಡು ಹುಟ್ಟಿದ ಸಂಗತಿಯನ್ನು ನಾಲ್ಕು ಮಾತಿನಲ್ಲಿ ಹೇಳುವುದು ಪದ್ಧತಿ. ಅವನು ಹೇಳುತ್ತಿದ್ದದ್ದು ಇಷ್ಟು: ನನ್ನಪ್ಪ ತೆಯೊದೊರೊ, ಈ ಊರಿನ ಪ್ರತಿ ಗೋಡೆಯಲ್ಲೂ ಅವನ ಕೈ ಇದೆ, ಒಂದು ಗೋಡೆ ಅವನ ಮೇಲೆ ಬಿತ್ತು. ಅದಕ್ಕೆ ನಾನು ಏನನ್ನೂ ತಿದ್ದಲಿಲ್ಲ.

ಆ ಹೊತ್ತಿಗೆ ಅವನ ಅಕ್ಕ ಜಸೀರಾಳ ಮದುವೆ ಒಸೋರಿಯೊನ ಜೊತೆ ಆಗಿತ್ತು. ಒಸೋರಿಯೊ ನಮ್ಮ ಜಿಲ್ಲೆಯಲ್ಲಿ ಹೆಸರಾದವನು. ಬೆಳಿಗ್ಗೆ ಆರರ ರೇಡಿಯೊ ಕಾರ್ಯಕ್ರಮದಲ್ಲಿ ‘ಜತಾಯ್–ಮೊಂಬುಕಾ’ ಎಂಬ ಜೋಡಿ ಹಾಡುತ್ತಿತ್ತು. ಎರಡೂ ಕುಟುಕದ ಜೇನುಗಳ ಹೆಸರು. ಒಸೋರಿಯೊ ಜತಾಯ್. ಮೊಂಬುಕಾ ಎಂದರೆ ಅನೇಜಿಯೊ ಎಂಬ ಹೊಳೆಯಾಚೆಯ ಮನುಷ್ಯ. ೧೯೫೬ರ ಮಳೆಗಾಲದಲ್ಲಿ ಅನೇಜಿಯೊ ರಕ್ತ ಕೆಮ್ಮಿದ. ಅವನನ್ನು ಬೆಟ್ಟದ ಮೇಲಿನ ಕ್ಷಯದ ಆಸ್ಪತ್ರೆಗೆ ಕಳಿಸಿದರು.

ಒಸೋರಿಯೊ ಅದೇ ಶುಕ್ರವಾರ ಅತ್ತೆಯ ಮನೆಗೆ ಬಂದು, ಕಾಫಿ ಕುಡಿದು, ಅನೇಜಿಯೊನ ಹತ್ತು ತಂತಿಯ, ಗಿಟಾರಿನಂಥ ವಿಯೋಲಾವನ್ನು ಮೇಜಿನ ಮೇಲಿಟ್ಟ.

“ಮೊಂಬುಕಾಗೆ ಹುಷಾರಿಲ್ಲ. ಸೋಮವಾರ ರೇಡಿಯೊ ಇದೆ. ನೀನು ಮೊಂಬುಕಾ.”

ಬೆಲಾರ್ಮೀನೊ ವಿಯೋಲಾ ಎತ್ತಿ ಅಲುಗಾಡಿಸಿದ. ಒಳಗೆ ಗಿಲಕಿ ಹಾವಿನ ಬಾಲದ ಗಿಲಕಿ ಸದ್ದಾಯಿತು. ವಿಯೋಲಾ ನುಡಿಸುವವರು ನಾದ ಬಿಡಿಸುವುದಕ್ಕೆಂದು ಅದನ್ನು ಒಳಗೆ ಹಾಕುತ್ತಾರೆ. ತಾನೋ ತನ್ನ ರಕ್ತಸಂಬಂಧಿಯೋ ಕೊಂದ ಹಾವಿನದೇ ಆಗಬೇಕು ಎಂಬ ನೇಮವಿದೆ. ಇದು ಯಾರು ಕೊಂದ ಹಾವು ಎಂದು ಬೆಲಾರ್ಮೀನೊ ಕೇಳಲಿಲ್ಲ. ಸೋಮವಾರ ಅವನು ಹಾಡಿದ. ಮಂಗಳವಾರ ಊರಿನವರು ಅವನನ್ನು ಮೊಂಬುಕಾ ಎಂದು ಕರೆದರು. ಅನೇಜಿಯೊ ಎಲ್ಲಿ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಜೋಡಿಯ ಕೆಲಸ ನಡೆಯುವುದೇ ಹಾಗೆ. ಪೋಸ್ಟರು ಅಚ್ಚಾಗಿರುತ್ತದೆ, ಗ್ರಾಮಫೋನ್ ಪ್ಲೇಟಿನ ಮೇಲೆ ಹೆಸರು ಬಿದ್ದಿರುತ್ತದೆ. ಮನುಷ್ಯ ಬದಲಾಗುತ್ತಾನೆ, ಹೆಸರು ಬದಲಾಗುವುದಿಲ್ಲ.

ಎರಡು ವರ್ಷ ಕಳೆದ ಮೇಲೆ ಒಸೋರಿಯೊ ನನ್ನ ಬಳಿಗೆ ಬಂದ. ಸರ್ಕಸ್ಸಿನವರು ಜೋಡಿಯನ್ನು ಕರೆದಿದ್ದರು. ಮೊದಲರ್ಧ ಕೋಡಂಗಿ, ಹಗ್ಗದ ಹುಡುಗಿ, ನಾಟಕ; ಎರಡನೆಯರ್ಧ ಹಾಡು. ಬಾಗಿಲಲ್ಲಿ ಹಂಚುವುದಕ್ಕೆ ಇಬ್ಬರ ಜೀವನಚರಿತ್ರೆ ಬೇಕಾಗಿತ್ತು. ಮೊಂಬುಕಾನದು ಬರೆಯುವಾಗ ತೊಡಕಾಯಿತು. ಅತಿ ಹೆಚ್ಚು ಜನ ಕೇಳುತ್ತಿದ್ದ ಹಾಡು ‘ಟಿಯೆಟೆಯ ನೀರು’. ಅದು ಅನೇಜಿಯೊ ಕಟ್ಟಿದ್ದು, ಟಿಯೆಟೆ ನದಿಯಲ್ಲಿ ಮುಳುಗಿದ ತಮ್ಮನ ಮೇಲೆ. ‘ಗೂಡಿನ ಹೊಗೆ’ ಬೆಲಾರ್ಮೀನೊನದು. ಎರಡೂ ಮೊಂಬುಕಾನ ಹಾಡು, ಆದ್ದರಿಂದ ತಮ್ಮನೂ ಅಪ್ಪನೂ ಒಬ್ಬನಿಗೇ ಸೇರಬೇಕು. ತಮ್ಮನ ಹೆಸರೇನು ಎಂದು ಕೇಳಿದೆ. ಒಸೋರಿಯೊನಿಗೆ ನೆನಪಿರಲಿಲ್ಲ. ಏನಾದರೂ ಹಾಕಿ ಟೀಚರಮ್ಮ ಎಂದ. ಮನೆಮನೆಗೂ ಒಬ್ಬ ಜೂಕಾ ಇರುತ್ತಾನೆಂದು ನಾನು ಜೂಕಾ ಎಂದು ಹಾಕಿದೆ. ಹೀಗೆ ಹೆಣ್ಣುಮಕ್ಕಳ ನಡುವೆ ಒಬ್ಬನೇ ಗಂಡುಮಗನಾಗಿ ಬೆಳೆದ ಬೆಲಾರ್ಮೀನೊನಿಗೆ ನಾನು ಒಬ್ಬ ಸತ್ತ ತಮ್ಮನನ್ನು ಕೊಟ್ಟೆ.

ಹನ್ನೊಂದು ವರ್ಷ ಅವನು ಮೊಂಬುಕಾ ಆಗಿದ್ದ. ಏಳು ಪ್ಲೇಟು ಬಂದವು. ಹದಿನೆಂಟು ಹಾಡು ಅವನು ಕಟ್ಟಿದ್ದು, ಎಲ್ಲದರ ಮೇಲೂ ಕಟ್ಟಿದವನು ಮೊಂಬುಕಾ ಎಂದೇ ಇದೆ. ಸರ್ಕಸ್ಸಿನ ಡೇರೆಯಲ್ಲಿ ಅವನು ಟೋಪಿ ತೆಗೆದು, “ನನ್ನ ತಮ್ಮ ಜೂಕಾ, ಒಂಬತ್ತು ವರ್ಷದವನು” ಎಂದು ಶುರು ಮಾಡಿದರೆ ಹಲಗೆಯ ಮೇಲೆ ಕೂತ ಹೆಂಗಸರು ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ಅವನ ಧ್ವನಿಯೂ ಒಡೆಯುತ್ತಿತ್ತು. ಅದು ನಟನೆಯೇ ಎಂದು ನಾನು ಒಮ್ಮೆ ಕೇಳಿದೆ. ಇಲ್ಲ ಟೀಚರಮ್ಮ, ಆ ಹೊತ್ತಿಗೆ ಅವನು ನಿಜವಾಗಿಯೂ ಮುಳುಗುತ್ತಿರುತ್ತಾನೆ ಎಂದ. ಜೆನೆರೋಜಾ ಮಾತ್ರ ಒಂದು ಸಲ ಆಟ ನೋಡಿ ಬಂದು, “ನನಗೆ ಗೊತ್ತಿಲ್ಲದ ಹಾಗೆ ನಾನು ಯಾವಾಗ ಹೆತ್ತೆನಪ್ಪ ಅವನನ್ನ” ಎಂದಳು. ನಾವೆಲ್ಲ ನಕ್ಕೆವು.

೧೯೬೭ರಲ್ಲಿ ಬೆಲಾರ್ಮೀನೊನ ಕೊರಳಿನಲ್ಲಿದ್ದ ಗಂಟು ದೊಡ್ಡದಾಯಿತು. ಗಳಗಂಡ ನಮ್ಮ ಕಡೆ ಹೊಸದಲ್ಲ, ಅವನ ಅಜ್ಜಿಗೂ ಇತ್ತು. ಸಾವೊ ಪಾಲೊಗೆ ಹೋಗಿ ಕೊಯ್ಯಿಸಿಕೊಂಡ. ಆರು ತಿಂಗಳು ಹಾಡಕೂಡದು, ಜೋರಾಗಿ ಮಾತಾಡಲೂ ಕೂಡದು ಎಂದರು ಡಾಕ್ಟರು. ಒಸೋರಿಯೊ ಆಸ್ಪತ್ರೆಗೆ ಕಿತ್ತಳೆ ಹಣ್ಣು ತಂದು ಹಾಸಿಗೆಯ ಪಕ್ಕ ಕೂತು, ನೀನು ಮಲಗು, ಜೋಡಿಗೆ ಏನೂ ಆಗುವುದಿಲ್ಲ ಎಂದು ಹೇಳಿ ಹೋದ. ಹೋಗುವಾಗ ತಂತಿ ಬದಲಿಸಿ ಇಡುತ್ತೇನೆಂದು ವಿಯೋಲಾವನ್ನೂ ತೆಗೆದುಕೊಂಡ.

ಬೆಲಾರ್ಮೀನೊ ಊರಿಗೆ ಬಂದ ಹತ್ತನೆಯ ದಿನ ನಾನು ಬೆಳಿಗ್ಗೆ ಅವನನ್ನು ನೋಡಲು ಹೋಗಿದ್ದೆ. ಶಾಲೆಗೆ ಹೋಗುವ ದಾರಿಯಲ್ಲೇ ಅವರ ಮನೆ. ಜೆನೆರೋಜಾ ಒಲೆಯ ಮುಂದೆ ಬಟ್ಟೆಯ ಚೀಲದಲ್ಲಿ ಕಾಫಿ ಸೋಸುತ್ತಿದ್ದಳು. ಬೆಲಾರ್ಮೀನೊ ಕೊರಳಿಗೆ ಪಟ್ಟಿ ಸುತ್ತಿಕೊಂಡು ಮುಕ್ಕಾಲಿಯ ಮೇಲೆ ಕೂತಿದ್ದ. ರೇಡಿಯೊ ಹಚ್ಚಿತ್ತು. ಇಂದು ಜತಾಯ್ ಮತ್ತು ಮೊಂಬುಕಾ ಎಂದು ರೇಡಿಯೊದವನು ಹೇಳಿದಾಗ ಹಳೆಯ ಪ್ಲೇಟು ಹಾಕುತ್ತಾರೆ ಎಂದುಕೊಂಡೆ. ಪ್ಲೇಟಲ್ಲ. ಒಬ್ಬ ಯುವಕನ ಧ್ವನಿ, ಚೆನ್ನಾದ ಧ್ವನಿ, ನಿಧಾನವಾಗಿ ಹೇಳಿತು: ನನ್ನಪ್ಪ ತೆಯೊದೊರೊ, ಈ ಊರಿನ ಪ್ರತಿ ಗೋಡೆಯಲ್ಲೂ ಅವನ ಕೈ ಇದೆ.

ಜೆನೆರೋಜಾಳ ಕೈಯಲ್ಲಿದ್ದ ಕೆಟಲು ಹಾಗೇ ನಿಂತಿತು. ನೀರು ಸೋರಿ ಒಲೆಗೆ ಬಿದ್ದು ಬೂದಿ ಎದ್ದಿತು. ಅವಳು ಮಗನನ್ನು ನೋಡಿದಳು, ಮಗನ ಬಾಯಿ ಮುಚ್ಚಿತ್ತು. ರೇಡಿಯೊ ನೋಡಿದಳು.

“ಯಾವನೋ ಅವನು, ನನ್ನ ಗಂಡನಿಗೆ ಮಗನಾದವನು?”

ಬೆಲಾರ್ಮೀನೊ ಏನೋ ಹೇಳಲು ಹೋದ. ಗಾಳಿ ಮಾತ್ರ ಬಂತು. ಹಾಡು ಮುಗಿಯುವವರೆಗೆ ಮೂವರೂ ಕೇಳಿದೆವು. ಹಾಡು ಒಂದಿಷ್ಟೂ ಕೆಟ್ಟಿರಲಿಲ್ಲ. ನನಗೆ ಹೆಚ್ಚು ಭಯವಾದದ್ದು ಅದಕ್ಕೇ.

ಆ ಶನಿವಾರ ಸರ್ಕಸ್ಸು ಪಕ್ಕದ ಊರಿನಲ್ಲಿತ್ತು. ಬೆಲಾರ್ಮೀನೊ ಟಿಕೆಟ್ಟು ತೆಗೆದುಕೊಂಡು ಹಿಂದಿನ ಹಲಗೆಯ ಮೇಲೆ ಕೂತ. ಬಾಗಿಲಲ್ಲಿ ಅವನಿಗೂ ಒಂದು ಹಾಳೆ ಕೊಟ್ಟರು, ನಾನು ಬರೆದ ಹಾಳೆ. ಪಕ್ಕದಲ್ಲಿ ಕೂತವನೊಬ್ಬ, ಹೋದ ವರ್ಷ ಇದೇ ಜಾಗದಲ್ಲಿ ಇವನನ್ನು ತಬ್ಬಿಕೊಂಡು ಅತ್ತವನು, ಇವನ ಕೊರಳ ಪಟ್ಟಿ ನೋಡಿ, ಹಲ್ಲುನೋವೇನಣ್ಣ ಎಂದು ಕೇಳಿದ. ಆಟವಾದ ಮೇಲೆ ಬೆಲಾರ್ಮೀನೊ ಡೇರೆಯ ಹಿಂದಕ್ಕೆ ಹೋದ. ಅಲ್ಲಿ ನಡೆದದ್ದನ್ನು ಅವನೇ ಮಾರನೆಯ ದಿನ ನನಗೆ ಪಿಸುಮಾತಿನಲ್ಲಿ ಹೇಳಿದ್ದು. ಆರು ತಿಂಗಳ ಮೇಲೆ ನನ್ನ ಜಾಗ ನನಗೆ ಕೊಡು ಭಾವ ಎಂದು ಕೇಳಿದನಂತೆ. ಹೊಸಬನ ಜೊತೆ ಪ್ಲೇಟಿಗೆ ಒಪ್ಪಂದವಾಗಿದೆ, ಆಗುವುದಿಲ್ಲ ಎಂದನಂತೆ ಒಸೋರಿಯೊ. ಹಾಗಾದರೆ ನನ್ನ ಅಪ್ಪನನ್ನಾದರೂ ಬಿಟ್ಟುಬಿಡು ಎಂದು ಇವನು ಅಂದನಂತೆ.

ಒಸೋರಿಯೊ ಬೂಟಿನ ದಾರ ಬಿಚ್ಚುತ್ತಿದ್ದವನು ತಲೆಯೆತ್ತಿದ.

“ನೋಡು ಬೆಲಾರ್ಮೀನೊ, ಹೆಸರು ಜೋಡಿದು, ಮನುಷ್ಯಂದಲ್ಲ. ನಾನು ವಿಯೋಲಾ ತಂದು ಮೇಜಿನ ಮೇಲಿಟ್ಟಾಗ ಅನೇಜಿಯೊ ಎಲ್ಲಿ ಅಂತ ಕೇಳಿದ್ಯಾ? ಹನ್ನೊಂದು ವರ್ಷ ಅವನ ತಮ್ಮನಿಗೆ ಅತ್ತಿಯಲ್ಲ, ಅವನೇನಾದ್ರೂ ಬಂದು ನಿನ್ನ ಅಂಗಿ ಹಿಡಿದ್ನಾ?”

ಇದನ್ನೆಲ್ಲ ನನಗೆ ಹೇಳಿ ಮುಗಿಸಿ ಬೆಲಾರ್ಮೀನೊ ಕೊರಳ ಪಟ್ಟಿ ಸರಿಮಾಡಿಕೊಂಡ. ಆಮೇಲೆ ಕೇಳಿದ, “ಅನೇಜಿಯೊ ಬದುಕಿದ್ದಾನಾ ಟೀಚರಮ್ಮ?” ನನಗೆ ಗೊತ್ತಿರಲಿಲ್ಲ. ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹುಡುಕಲು ಎರಡು ತಿಂಗಳಾಯಿತು. ಬೆಟ್ಟದ ಆಸ್ಪತ್ರೆಗೆ ನಾನು ಪತ್ರ ಬರೆದೆ, ಅವರು ವಿಳಾಸ ಕಳಿಸಿದರು. ಅನೇಜಿಯೊ ಸತ್ತಿರಲಿಲ್ಲ. ನಮ್ಮಿಂದ ರೈಲಿನಲ್ಲಿ ಎರಡು ಗಂಟೆ ದೂರದ ಒಂದು ಕಡೆ ರೈಲ್ವೆ ಗೇಟು ಕಾಯುತ್ತಿದ್ದ. ಬೆಲಾರ್ಮೀನೊನ ಧ್ವನಿ ಇನ್ನೂ ಪೂರ್ತಿ ಬಂದಿರಲಿಲ್ಲವಾದ್ದರಿಂದ ಮಾತಾಡಲು ನನ್ನನ್ನು ಕರೆದುಕೊಂಡು ಹೋದ. ಅಡ್ಡಗಂಬದ ಪಕ್ಕ ಒಂದು ಗೂಡಿನಂಥ ಕೋಣೆ. ಸಣಕಲು ಮನುಷ್ಯ, ಒಂದು ಭುಜ ಕೆಳಗೆ, ಜೋಳದ ಸಿಪ್ಪೆಯಲ್ಲಿ ಸುತ್ತಿದ ಬೀಡಿಯನ್ನು ಹಚ್ಚದೆ ಬಾಯಲ್ಲಿಟ್ಟುಕೊಂಡಿದ್ದ. ಕಿಟಕಿಯಲ್ಲಿ ರೇಡಿಯೊ ಇತ್ತು. ನಾನು ಹೆಸರು ಹೇಳುವ ಮೊದಲೇ ಅವನು ಬೆಲಾರ್ಮೀನೊನ ಕೊರಳು ನೋಡಿ, ನೀನು ಏಪ್ರಿಲ್‌ನಲ್ಲಿ ಹಾಡು ನಿಲ್ಲಿಸಿದೆ ಎಂದ. ಊರೆಲ್ಲ ಕಿವಿಯಿದ್ದೂ ಕೇಳದ್ದನ್ನು ಅವನು ಒಂದೇ ದಿನಕ್ಕೆ ಕೇಳಿಸಿಕೊಂಡಿದ್ದ.

ಬೆಲಾರ್ಮೀನೊ ಟೋಪಿ ತೆಗೆದು, ತಪ್ಪಾಯಿತು ಎಂದ. ಅನೇಜಿಯೊ ಕೈ ಆಡಿಸಿದ. ಹಾಡಲು ನನಗೆ ಶ್ವಾಸಕೋಶವಿರಲಿಲ್ಲ, ಯಾರಾದರೂ ಹಾಡಬೇಕಿತ್ತು, ನೀನು ಚೆನ್ನಾಗಿ ಹಾಡಿದೆ ಎಂದ. ಗಿಲಕಿ ಇನ್ನೂ ಒಳಗಿದೆಯೇ ಎಂದು ಕೇಳಿದ. ಆ ಹಾವನ್ನು ಕೊಂದದ್ದು ಅವನ ತಮ್ಮನಂತೆ, ಎಂಟು ವರ್ಷದವನಿದ್ದಾಗ ಗುದ್ದಲಿಯಿಂದ. ಮರುವರ್ಷವೇ ನೀರಿಗೆ ಹೋದ. ಆ ಮೇಲೆ ಬೀಡಿಯನ್ನು ಬಾಯಿಂದ ತೆಗೆದ.

“ಒಂದು ಕೇಳ್ಬೇಕು ಅಂತ ಬಹಳ ವರ್ಷದಿಂದ ಇತ್ತು. ಜೂಕಾ ಅಂದ್ರೆ ಯಾರು?”

ಬೆಲಾರ್ಮೀನೊ ನನ್ನನ್ನು ನೋಡಿದ. ಅವನಿಗೆ ಅದು ಅನೇಜಿಯೊನ ತಮ್ಮನ ಹೆಸರೆಂದೇ ಗೊತ್ತು, ಹಾಳೆಯಲ್ಲಿ ಅಚ್ಚಾಗಿತ್ತಲ್ಲ.

“ನನ್ನ ತಮ್ಮನ ಹೆಸರು ಲೀನೊ” ಎಂದ ಅನೇಜಿಯೊ. “ಮೊದಲು ಬೇರೆ ಯಾರದೋ ಕತೆ ಅಂದ್ಕೊಂಡೆ. ಆಮೇಲೆ ದಿನಾ ಕೇಳಿ ಕೇಳಿ, ಒಂದೊಂದ್ಸಲ ನನಗೇ ಜೂಕಾ ಅಂತ ಬಾಯಿಗೆ ಬರೋದು. ನಮ್ಮವ್ವ ಸಾಯೋವಾಗ ಅವನನ್ನ ಕರೀತಿದ್ಲು. ಪಕ್ಕದಲ್ಲಿ ಕೂತು ಸಮಾಧಾನ ಮಾಡಕ್ಕೆ ಹೋದ್ರೆ ನನಗೆ ಹೆಸರು ಹೊರಡಲಿಲ್ಲ.”

ಅಷ್ಟರಲ್ಲಿ ಗಂಟೆ ಹೊಡೆಯಿತು. ಅವನು ಎದ್ದು ಗೇಟು ಇಳಿಸಲು ಹೋದ. ಸರಕಿನ ರೈಲು, ನಲವತ್ತಕ್ಕೂ ಹೆಚ್ಚು ಡಬ್ಬಿ. ಅದು ದಾಟುವವರೆಗೂ ನಾನು ನಿಂತೇ ಇದ್ದೆ. ಪಾಠ ಹೇಳಿದ ಇಷ್ಟು ವರ್ಷಗಳಲ್ಲಿ ಮಕ್ಕಳ ಎಷ್ಟೋ ತಪ್ಪುಗಳನ್ನು ತಿದ್ದಿದ್ದೇನೆ. ನಾನೇ ಅಚ್ಚು ಹಾಕಿಸಿದ ಒಂದು ಹೆಸರು ಒಬ್ಬ ತಾಯಿಯ ಸಾವಿನ ಹಾಸಿಗೆಯವರೆಗೆ ಹೋಗಿತ್ತು. ಅವನು ವಾಪಸು ಬಂದಾಗ, ಜೂಕಾ ಎಂದು ಹೆಸರು ಹಾಕಿದವಳು ನಾನು ಎಂದು ಹೇಳಿದೆ. ಅವನು ಕೋಪಿಸಿಕೊಳ್ಳಲಿಲ್ಲ. ಒಂದು ಸಲ ನನ್ನ ಮುಖವನ್ನೂ ಒಂದು ಸಲ ನನ್ನ ಚೀಲದಲ್ಲಿದ್ದ ಪುಸ್ತಕಗಳನ್ನೂ ನೋಡಿದ, ಅಷ್ಟೆ.

ಹಿಂದಿರುಗುವಾಗ ರೈಲಿನಲ್ಲಿ ಬೆಲಾರ್ಮೀನೊ ಒಂದೇ ಮಾತು ಆಡಿದ್ದು. ನನ್ನ ಹೆಸರು ಹೋದರೆ ಹೋಗಲಿ, ನಾಳೆ ಇನ್ನೊಬ್ಬ ಬಂದು ಅಪ್ಪನ ಹೆಸರು ಮರೆತರೆ ಏನು ಮಾಡುವುದು ಎಂದ. ಅಲ್ಲಿಗೆ ಅವನ ಜಗಳ ಜಾಗಕ್ಕಾಗಿ ಉಳಿಯಲಿಲ್ಲ.

ಆಗಸ್ಟಿನಲ್ಲಿ ಸರ್ಕಸ್ಸು ಪೋಸೊ ಕ್ಲಾರೊಗೇ ಬಂತು. ಹೊಸ ಮೊಂಬುಕಾನ ಹೆಸರು ನಿವಾಲ್ದೊ, ಇಪ್ಪತ್ತನಾಲ್ಕು ವರ್ಷ, ಮೊದಲು ಹಾಲಿನ ಗಾಡಿ ಹೊಡೆಯುತ್ತಿದ್ದವನು. ಬೆಲಾರ್ಮೀನೊ ಮಧ್ಯಾಹ್ನ ಅವನು ಇಳಿದುಕೊಂಡಿದ್ದ ಮನೆಗೆ ಹೋದ. ಹೊಡೆಯಲು ಬಂದನೆಂದು ಹುಡುಗ ಗೋಡೆಗೆ ಒತ್ತಿ ನಿಂತನಂತೆ. ಇವನು ಹೇಳಿದ್ದು ಎರಡೇ. ಹೆಸರು ನೀನೇ ಇಟ್ಟುಕೊ. ಸತ್ತವರು ನಿನ್ನವರಲ್ಲ, ಅವರ ಹೆಸರು ಸರಿಯಾಗಿ ಹೇಳು: ನೀರಿಗೆ ಹೋದವನು ಲೀನೊ, ಗೋಡೆ ಬಿದ್ದದ್ದು ತೆಯೊದೊರೊ ಮೇಲೆ.

ಆ ಸಂಜೆ ಜೆನೆರೋಜಾ ಕಪ್ಪು ಶಾಲು ಹೊದ್ದು ಮುಂದಿನ ಸಾಲಿನಲ್ಲಿ ಕೂತಳು. ಜಸೀರಾ ಅವಳ ಪಕ್ಕ ಕೂತಿದ್ದಳು. ಅವಳು ಗಂಡನ ಕಡೆ, ಇದೆಲ್ಲ ಯಾಕೆ ಬೇಕು, ಹೆಸರು ಜೋಡಿಯದು ಎಂದು ದಾರಿಯುದ್ದಕ್ಕೂ ತಮ್ಮನಿಗೆ ಹೇಳುತ್ತ ಬಂದಿದ್ದಳು. ಅನೇಜಿಯೊನನ್ನು ಬೆಲಾರ್ಮೀನೊ ಮಧ್ಯಾಹ್ನದ ರೈಲಿನಲ್ಲಿ ಕರೆಸಿದ್ದ. ನಿವಾಲ್ದೊ ಟೋಪಿ ತೆಗೆದ.

“ಟಿಯೆಟೆಯ ನೀರು ಹಾಡನ್ನ ನಾನು ಕಟ್ಟಿಲ್ಲ” ಎಂದ. “ಕಟ್ಟಿದೋರು ಅನೇಜಿಯೊ, ಅಲ್ಲಿ ಕೂತವ್ರೆ. ಮುಳುಗಿದ್ದು ಅವರ ತಮ್ಮ ಲೀನೊ. ಗೂಡಿನ ಹೊಗೆ ಕಟ್ಟಿದೋರು ಬೆಲಾರ್ಮೀನೊ, ಅವರಪ್ಪ ತೆಯೊದೊರೊ. ನಮ್ಮಪ್ಪ ಬದುಕವ್ರೆ, ಹಾಲು ಕರೀತವ್ರೆ. ನಾನು ಬರೀ ಹಾಡ್ತೀನಿ.”

ಇಷ್ಟೆಲ್ಲ ಹೇಳು ಎಂದು ಬೆಲಾರ್ಮೀನೊ ಅವನನ್ನು ಕೇಳಿಯೇ ಇರಲಿಲ್ಲ. ವೇದಿಕೆಯ ಮೇಲೆ ಯಾವ ಜೋಡಿಯವರೂ ಇಂಥ ಮಾತು ಆಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿಲ್ಲ, ಆ ಮೇಲೂ ಕೇಳಿಲ್ಲ. ಒಸೋರಿಯೊನ ಮುಖ ಸುಣ್ಣದಂತಾಯಿತು. ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ಹಿಂದಿನಿಂದ ಯಾರೋ, ಮೋಸ, ಟಿಕೆಟ್ಟು ವಾಪಸು ಕೊಡಿ ಎಂದು ಕೂಗಿದರು. ಕೂಗಿದವನು ನಮ್ಮ ಊರಿನವನೇ, ಮೂರು ಮೊಂಬುಕಾಗಳಿಗೂ ಚಪ್ಪಾಳೆ ಹೊಡೆದವನು. ಹಾಡು ನಡೆಯಿತು. ಲೀನೊನ ಹಾಡು ಮುಗಿಯುವವರೆಗೆ ಅನೇಜಿಯೊ ಕಣ್ಣು ಮುಚ್ಚಿ, ತುಟಿ ಆಡಿಸುತ್ತಿದ್ದ, ಒಂದೇ ಮಾತನ್ನು ಮತ್ತೆ ಮತ್ತೆ.

ಡೇರೆಯ ಹಿಂದೆ ಒಸೋರಿಯೊ ಅಲ್ಲೇ ನಿವಾಲ್ದೊನ ಕೈಯಿಂದ ವಿಯೋಲಾ ಕಿತ್ತುಕೊಂಡು ಹೋಗು ಎಂದ. ಹುಡುಗ ನಮ್ಮ ಬಳಿ ಬಂದು ಮುಷ್ಟಿ ಬಿಚ್ಚಿದ. ಇದಾಗುತ್ತದೆಂದು ಅವನಿಗೆ ಗೊತ್ತಿತ್ತು, ಆಟಕ್ಕೆ ಮೊದಲೇ ವಿಯೋಲಾ ಅಲುಗಾಡಿಸಿ ಗಿಲಕಿಯನ್ನು ಹೊರಗೆ ತೆಗೆದಿಟ್ಟುಕೊಂಡಿದ್ದ. ಅನೇಜಿಯೊ ಅದನ್ನು ಬೆಂಕಿಪೊಟ್ಟಣದಲ್ಲಿಟ್ಟು ಜೇಬಿಗೆ ಹಾಕಿಕೊಂಡ.

ಒಂಬತ್ತನೆಯ ದಿನ ರೇಡಿಯೊದಲ್ಲಿ ಜತಾಯ್ ಮತ್ತು ಮೊಂಬುಕಾ ಹಾಡಿದರು. ನಾಲ್ಕನೆಯವನು. ನನ್ನಪ್ಪ ತೆಯೊದೊರೊ ಎಂದ.

ಬೆಲಾರ್ಮೀನೊನ ಧ್ವನಿ ಡಿಸೆಂಬರಿನಲ್ಲಿ ವಾಪಸು ಬಂತು, ಸ್ವಲ್ಪ ಒರಟಾಗಿ. ನಿವಾಲ್ದೊ ಮೇಲಿನ ಧ್ವನಿಗೆ ಹೋದ, ಇಬ್ಬರೂ ತಮ್ಮ ಹುಟ್ಟುಹೆಸರುಗಳಲ್ಲೇ ಜೋಡಿ ಕಟ್ಟಿದರು. ಆ ಹೆಸರುಗಳನ್ನು ಯಾವ ಸರ್ಕಸ್ಸಿನವನೂ ಕೇಳಿರಲಿಲ್ಲ. ಬೆಲಾರ್ಮೀನೊ ಗೂಡಿನ ಕೆಲಸಕ್ಕೆ ಹೋದ. ಸಂತರ ಹಬ್ಬಗಳಲ್ಲಿ, ಮದುವೆಗಳಲ್ಲಿ ಇಬ್ಬರೂ ಹಾಡಿದರು. ಅವನು ಮತ್ತೂ ಮೂವತ್ತು ಹಾಡು ಕಟ್ಟಿದ. ನೋಟುಬುಕ್ಕು ನನ್ನ ಹತ್ತಿರ ಇದೆ. ಒಂದೂ ಪ್ಲೇಟಾಗಲಿಲ್ಲ. ಹಬ್ಬದಲ್ಲಿ ‘ಗೂಡಿನ ಹೊಗೆ’ ಹಾಡಿದಾಗ, ಮೊಂಬುಕಾನ ಹಾಡನ್ನು ಚೆನ್ನಾಗಿ ನಕಲು ಮಾಡುತ್ತೀಯ ಎಂದು ಜನ ಅವನಿಗೇ ಹೇಳುತ್ತಿದ್ದರು.

೧೯೭೯ರ ಏಪ್ರಿಲಿನಲ್ಲಿ ಒಸೋರಿಯೊ ಹೃದಯ ನಿಂತು ಸತ್ತ. ಜಸೀರಾ ಕಪ್ಪು ಬಟ್ಟೆಯಲ್ಲಿ ತವರಿಗೆ ಬಂದಳು. ಮೇ ತಿಂಗಳ ಒಂದು ಬೆಳಿಗ್ಗೆ ನಾನು ಅದೇ ಅಡುಗೆಮನೆಯಲ್ಲಿದ್ದೆ. ಜೆನೆರೋಜಾಗೆ ಎಂಬತ್ತು ದಾಟಿತ್ತು, ಒಲೆಯ ಪಕ್ಕ ಕೂತು ಮೆಕ್ಕೆಜೋಳದ ರೊಟ್ಟಿ ಮುರಿಯುತ್ತಿದ್ದಳು. ಜಸೀರಾ ಕಾಫಿ ಸೋಸುತ್ತಿದ್ದಳು. ಬೆಲಾರ್ಮೀನೊ ಗೂಡಿಗೆ ಹೋಗಲು ಬೂಟು ಹಾಕಿಕೊಳ್ಳುತ್ತಿದ್ದ. ರೇಡಿಯೊದವನು ಎಂದಿನಂತೆಯೇ ಹೇಳಿದ, ಜತಾಯ್ ಮತ್ತು ಮೊಂಬುಕಾ. ಒಬ್ಬ ಅಪರಿಚಿತ ಮೇಲಿನ ಧ್ವನಿಯಲ್ಲಿ ಮಾತಾಡಿದ. ಈ ಹಾಡು ನನ್ನ ಹೆಂಡತಿ ಜಸೀರಾಗೆ, ನಾವು ಮದುವೆಯಾದ ವರ್ಷ ಅವಳ ಕಿಟಕಿಯ ಕೆಳಗೆ ನಿಂತು ಕಟ್ಟಿದ್ದು ಎಂದ.

ಕಾಫಿಯ ಚೀಲ ಜಸೀರಾಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅವಳು ಬಾಗಿಲ ಕಡೆ ನೋಡಿದಳು, ಯಾರೋ ಒಳಗೆ ಬರುತ್ತಿರುವವರಂತೆ. ಕೊರಳವರೆಗೆ ಹಾಕಿದ್ದ ಕಪ್ಪು ಅಂಗಿಯ ಗುಂಡಿಗಳ ಮೇಲೆ ಕೈ ಇಟ್ಟುಕೊಂಡಳು.

“ಯಾರೋ ಅದು?” ಎಂದಳು ತಮ್ಮನಿಗೆ.

ಬೆಲಾರ್ಮೀನೊ ಬೂಟಿನ ದಾರ ಕಟ್ಟುವುದನ್ನು ನಿಲ್ಲಿಸಲಿಲ್ಲ.

“ಜತಾಯ್” ಎಂದ.

ಅವಳು ರೇಡಿಯೊದ ಕಿವಿ ತಿರುಗಿಸಲು ಕೈ ಚಾಚಿದಳು. ಜೆನೆರೋಜಾ ಅವಳ ಮಣಿಕಟ್ಟು ಹಿಡಿದಳು. ಮುದುಕಿಯ ಹಿಡಿತ ಆಗಲೂ ಒಗೆಯುವವಳದೇ.

“ಇರಲಿ ಬಿಡೇ. ಹೆಸರಾದ್ರೂ ಸರಿಯಾಗಿ ಹೇಳಿದ್ನಲ್ಲ.”